ಬುಟ್ಟಿ ಇಡುವಷ್ಟು ಜಾಗ: ಬೀದಿ ಬದಿ ದುಡಿಯುವವರಿಗೆ ಪೇಟೆ ಸರಿ ಮಾಡಿಸುವುದು ಹೇಗೆ

ನನ್ನ ಅತ್ತೆ ಮೀನು ಮಾರುತ್ತಾಳೆ. ಯಾವ ಊರಿನ ಪೇಟೆ ಅಂತ ಹೇಳುವುದಿಲ್ಲ, ಕಾರವಾರದಿಂದ ಭಟ್ಕಳದವರೆಗೆ ಯಾವುದಾದರೂ ಇರಲಿ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, ಬಂದರಿನಲ್ಲಿ ಮೀನು ತಗೊಂಡು, ಟೆಂಪೋ ಹತ್ತಿ ಬಂದು ಕೂತರೆ ಏಳುವುದು ಮಧ್ಯಾಹ್ನ ಒಂದಕ್ಕೆ. ಬಂಗಡೆ ಜಾಸ್ತಿ ಬಂದ ದಿನ ಇನ್ನೂ ತಡ. ಒಂದು ಏಪ್ರಿಲ್ ತಿಂಗಳಲ್ಲಿ ಅವಳಿಗೆ ತಣ್ಣನೆ ನೀರಿನ ಬಾಟಲಿ ಕೊಟ್ಟೆ. ಬಾಯಿ ಮುಕ್ಕಳಿಸಿ ಉಗಿದು ಬಾಟಲಿ ವಾಪಸ್ ಕೊಟ್ಟಳು. ಕುಡಿ ಅತ್ತೆ ಅಂದೆ.

“ಕುಡಿದ್ರೆ ಹೋಗೂದೆಲ್ಲಿ ತಮಾ?” ಅಂದಳು.

ಏಳೆಂಟು ತಾಸು ನೀರಿಲ್ಲ, ಅದೂ ಕರಾವಳಿಯ ಆ ಸೆಕೆಯಲ್ಲಿ. ಸಾಲಿನಲ್ಲಿ ಕೂತ ಎಲ್ಲ ಹೆಂಗಸರದ್ದೂ ಇದೇ ಲೆಕ್ಕ. ಶೌಚಾಲಯ ಇಲ್ಲವೇ ಅಂದರೆ ಇದೆ. ಬೀಗ ಹಾಕಿದೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ.

ಆ ಬೀಗ ತೆಗೆಸೋಕೆ ನಾವು ಒಂದಿಷ್ಟು ಜನ ಓಡಾಡಿದೆವು. ಆಮೇಲೆ ದೀಪ, ಚರಂಡಿ, ಮಳೆಗಾಲಕ್ಕೆ ಸೂರು ಅಂತ ಒಂದೊಂದೇ ಕೆಲಸ ಹಿಡಿದೆವು. ಕೆಲವು ಆಯಿತು, ಕೆಲವು ಆಗಲಿಲ್ಲ. ಮನೆಯಲ್ಲಿ ಯಾರಾದರೂ ಗೂಡಂಗಡಿ ನಡೆಸುತ್ತಿದ್ದರೆ, ತಳ್ಳುಗಾಡಿ ಇಟ್ಟಿದ್ದರೆ, ಅಥವಾ ನಿಮ್ಮ ವಾರ್ಡಿನಲ್ಲಿ ಇಂಥ ಕೆಲಸ ಮಾಡಬೇಕು ಅಂತ ಇದ್ದರೆ ನಿಮಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ಮಾರುಕಟ್ಟೆ ಕಟ್ಟಡ ಬೇಕು ಅಂತ ಹೋಗಬೇಡಿ. ಕಟ್ಟಡ ಬರೋಕೆ ಹತ್ತು ವರ್ಷ ಬೇಕು. ಬಂದ ಮೇಲೂ ಮೀನಿನವರನ್ನು ಮೇಲಿನ ಮಹಡಿಗೆ ಹತ್ತಿಸಿದರೆ ಅರ್ಧ ಕಿಲೋ ಶೆಟ್ಲಿಗೆ (ಸೀಗಡಿಗೆ) ಮೆಟ್ಟಿಲು ಹತ್ತಿ ಯಾರು ಬರುತ್ತಾರೆ? ಒಂದು ಬಲ್ಬು, ಒಂದು ನಲ್ಲಿ, ಎರಡು ಚಪ್ಪಡಿ, ಒಂದು ಬೀಗದ ಕೈ. ಇವನ್ನು ಕೇಳಿ. ಇವು ಸಿಗುತ್ತವೆ.

ಮೂರು ಹೊತ್ತು ಹೋಗಿ ನೋಡಿ

ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಏಳಕ್ಕೆ. ಮೂರೂ ಹೊತ್ತು ಹೋಗಲೇಬೇಕು. ಆಫೀಸಿನವರು ಜಾಗ ನೋಡೋಕೆ ಬರುವುದು ಹನ್ನೊಂದಕ್ಕೆ. ಆಗ ಎಲ್ಲ ಚೆನ್ನಾಗಿಯೇ ಇರುತ್ತದೆ. ಆರಕ್ಕೆ ಹೋದರೆ ಹಳ್ಳಿಯಿಂದ ಸೊಪ್ಪು, ಮೊಗೆಕಾಯಿ, ಹೂವು ಹೊತ್ತು ತಂದ ಹಾಲಕ್ಕಿ ಸಮುದಾಯದ ಹೆಂಗಸರು ಕತ್ತಲಲ್ಲೇ ಬಸ್ಸಿಳಿದು ಜಾಗ ಹಿಡಿಯುವುದು ಕಾಣುತ್ತದೆ. ಒಂದಕ್ಕೆ ಹೋದರೆ ಯಾರ ತಲೆ ಮೇಲೆ ನೆರಳಿದೆ, ಯಾರ ತಲೆ ಮೇಲಿಲ್ಲ ಅಂತ ಕಾಣುತ್ತದೆ. ಏಳಕ್ಕೆ ಹೋದರೆ ಹೆಂಗಸರು ಎಷ್ಟು ಜನ ಉಳಿದಿದ್ದಾರೆ ಅಂತ ಎಣಿಸಿ. ವ್ಯಾಪಾರ ಇದ್ದರೂ ಎದ್ದು ಹೋಗಿದ್ದಾರೆ ಅಂದರೆ ಬಸ್ ನಿಲ್ದಾಣದವರೆಗಿನ ದಾರಿಯಲ್ಲಿ ದೀಪ ಇಲ್ಲ ಅಂತಲೋ, ಕೊನೆ ಬಸ್ಸು ಬೇಗ ಅಂತಲೋ, ಏನೋ ಒಂದು ಕಾರಣ ಇರುತ್ತದೆ. ಕೇಳಿದರೆ ಹೇಳುತ್ತಾರೆ.

ನೋಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಕ್ಷೆ ಚಂದ ಇರಬೇಕಿಲ್ಲ. ರಸ್ತೆ ಗೆರೆ ಎಳೆದು ಯಾರು ಎಲ್ಲಿ ಕೂರುತ್ತಾರೆ, ನಲ್ಲಿ ಎಲ್ಲಿ, ಚರಂಡಿ ಎಲ್ಲಿ ತೆರೆದಿದೆ, ಕಂಬ ಎಲ್ಲಿ ಅಂತ ಗುರುತು ಹಾಕಿ. ಕಂಬದ ಮೇಲೆ ನಂಬರ್ ಬರೆದಿದ್ದರೆ ಅದನ್ನೂ ಬರೆದುಕೊಳ್ಳಿ. ಬೀದಿ ದೀಪ ನಗರಸಭೆಯದ್ದು, ಕರೆಂಟು ವಿದ್ಯುತ್ ಕಂಪನಿ ಹೆಸ್ಕಾಂದು. ಕಂಬದ ನಂಬರ್ ಇಲ್ಲದೆ “ಮೀನು ಪೇಟೆ ಹತ್ತಿರ ದೀಪ ಇಲ್ಲ” ಅಂತ ಅರ್ಜಿ ಕೊಟ್ಟರೆ ಯಾವ ದೀಪ ಅಂತ ಕೇಳೋಕೇ ಒಂದು ತಿಂಗಳು ಹೋಗುತ್ತದೆ.

ಇನ್ನೊಂದು ಕೆಲಸ ಇದೆ, ನನಗೆ ತುಂಬ ಇಷ್ಟವಾದದ್ದು. ಒಂದು ಕೊಡ ನೀರು ತಗೊಂಡು ಸಾಲಿನ ಮೇಲಿನ ತುದಿಯಲ್ಲಿ ಸುರಿಯಿರಿ. ಸುಮ್ನೆ ನಿಂತು ನೋಡಿ. ನೀರು ಯಾರ ಕಾಲಡಿಗೆ ಹೋಯಿತು? ನಾವು ಸುರಿದಾಗ ಅದು ಮೀನಿನವರ ಬುಟ್ಟಿ ದಾಟಿ, ಬರ್ಫದ ನೀರನ್ನೂ ಸೇರಿಸಿಕೊಂಡು, ಸೀದಾ ಬಸಲೆ ಸೊಪ್ಪು ಹರಡಿಕೊಂಡಿದ್ದವರ ಗೋಣಿಚೀಲದ ಅಡಿಗೆ ಹೋಗಿ ನಿಂತಿತು. ಮೀನಿನವರಿಗೂ ತರಕಾರಿಯವರಿಗೂ ವರ್ಷಗಳಿಂದ ಜಗಳ. ಎಲ್ಲರೂ ಅದನ್ನು ಜಾತಿಯ ಜಗಳ ಅಂತಲೇ ಅಂದುಕೊಂಡಿದ್ದರು. ಇಳಿಜಾರಿನ ಜಗಳ ಅದು! ಮೀನಿನವರು ಕೆಳಗಿನ ತುದಿಗೆ, ಚರಂಡಿ ಪಕ್ಕಕ್ಕೆ ಬಂದರು, ಸೊಪ್ಪಿನವರು ಮೇಲೆ ಹೋದರು. ಒಂದು ರೂಪಾಯಿ ಖರ್ಚಾಗಲಿಲ್ಲ. ಜಗಳ ಪೂರ್ತಿ ನಿಂತಿತು ಅಂತ ಹೇಳಲಾರೆ, ಆದರೆ ಈಗ ಬೇರೆ ಕಾರಣಕ್ಕೆ ಆಡುತ್ತಾರೆ.

ಯಾರನ್ನು ಕೇಳಬೇಕು

ಸಭೆ ಕರೆದರೆ ಬರುವವರು ಯಾರು? ಗಾಡಿ ಇರುವವರು, ಗಂಡಸರು, ಮಾತು ಬರುವವರು. ಬುಟ್ಟಿಯವರು ಬರುವುದಿಲ್ಲ, ಬಂದರೂ ಹಿಂದೆ ನಿಲ್ಲುತ್ತಾರೆ. ವಾರಕ್ಕೊಮ್ಮೆ ಬರುವವರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾರವಾರದ ಭಾನುವಾರದ ಸಂತೆಗೆ ಸುತ್ತಲಿನ ಹಳ್ಳಿಗಳಿಂದ ಬರುವವರನ್ನು ನೋಡಿ, ಅವರೂ ಬೀದಿ ವ್ಯಾಪಾರಿಗಳೇ ಅಲ್ವಾ? ಚಪ್ಪಲಿ ಹೊಲಿಯುವವರು, ಕೊಡೆ ರಿಪೇರಿಯವರು, ರಾತ್ರಿ ಆಮ್ಲೆಟ್ ಗಾಡಿಯವರು, ಬೆಳಿಗ್ಗೆ ಸರ್ಕಲ್ಲಿನಲ್ಲಿ ಕೂಲಿಗೆ ಕಾಯುತ್ತ ನಿಲ್ಲುವವರು, ಹಮಾಲರು, ಚಿಂದಿ ಆಯುವವರು, ಎಲ್ಲರಿಗೂ ಆ ಜಾಗ ಬೇಕು.

ಹಾಗಾಗಿ ಸಭೆ ಕರೆಯಬೇಡಿ, ನೀವೇ ಅವರ ಹತ್ತಿರ ಹೋಗಿ ಕೂರಿ. ವ್ಯಾಪಾರದ ಹೊತ್ತಿನಲ್ಲಲ್ಲ, ಬುಟ್ಟಿ ಖಾಲಿಯಾಗಿ ಬಸ್ಸಿಗೆ ಕಾಯುವ ಅರ್ಧ ತಾಸಿನಲ್ಲಿ. ಹೆಂಗಸರ ಹತ್ತಿರ ಹೆಂಗಸರೇ ಮಾತಾಡಲಿ. ಶೌಚಾಲಯದ ಮಾತು, ಯಾರೋ ಬಂದು ಮೈಮೇಲೆ ಬೀಳುವ ಹಾಗೆ ನಿಲ್ಲುತ್ತಾನೆ ಅನ್ನುವ ಮಾತು, ಇವೆಲ್ಲ ಗಂಡಸರೆದುರು ಬರುವುದಿಲ್ಲ. ಭಾಷೆಯನ್ನೂ ನೋಡಿಕೊಳ್ಳಿ. ಕಾರವಾರದಲ್ಲಿ ಕೊಂಕಣಿ ಬರುವವರು ಜೊತೆಗಿದ್ದರೆ ಅರ್ಧ ಕೆಲಸ ಆದ ಹಾಗೆ. ಘಟ್ಟದ ಮೇಲಿಂದ ಕೂಲಿಗೆ ಬಂದವರಲ್ಲಿ ಲಂಬಾಣಿ ಮಾತಾಡುವವರೂ ಇರುತ್ತಾರೆ.

ಒಂದೇ ಪ್ರಶ್ನೆ ಸಾಕು: “ಇಲ್ಲಿ ಒಂದು ಬದಲಾಗಬೇಕು ಅಂದರೆ ಯಾವುದು?” ಇಪ್ಪತ್ತು ಜನ ಹೇಳಿದ್ದನ್ನು ಬರೆದುಕೊಂಡು ನೋಡಿ, ಮೂರೇ ವಿಷಯ ಮತ್ತೆ ಮತ್ತೆ ಬಂದಿರುತ್ತವೆ. ಆ ಮೂರನ್ನೇ ಹಿಡಿಯಿರಿ.

ಕಾನೂನಿನಲ್ಲಿ ಏನಿದೆ

ಬೀದಿ ಬದಿ ವ್ಯಾಪಾರಿಗಳಿಗೆ ಅಂತಲೇ 2014ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ಪೂರ್ತಿ ಓದಬೇಕಿಲ್ಲ. ಕೆಲಸಕ್ಕೆ ಬರುವಷ್ಟು ಹೇಳುತ್ತೇನೆ.

ಪ್ರತಿ ಪಟ್ಟಣದಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಆಫೀಸಿನವರು ಟಿವಿಸಿ ಅನ್ನುತ್ತಾರೆ. ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ತಮ್ಮಲ್ಲೇ ಚುನಾವಣೆ ನಡೆಸಿ ಬಂದಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಕಡೇಪಕ್ಷ ಐದು ವರ್ಷಕ್ಕೊಮ್ಮೆ ವ್ಯಾಪಾರಿಗಳ ಸರ್ವೆ ಆಗಬೇಕು. ಸರ್ವೆಯಲ್ಲಿ ಸಿಕ್ಕ ಎಲ್ಲರಿಗೂ ಜಾಗ ಕೊಡಬೇಕು, ಆದರೆ ಊರಿನ ಜನಸಂಖ್ಯೆಯ ಶೇ. 2.5ರ ಮಿತಿ ಇದೆ. 40,000 ಜನರ ಊರಾದರೆ 1,000 ವ್ಯಾಪಾರಿಗಳು. ನಮ್ಮ ಪೇಟೆಗಳಿಗೆ ಅದು ಕಮ್ಮಿ ಲೆಕ್ಕ ಏನಲ್ಲ. ಮುಖ್ಯವಾದದ್ದು ಇದು: ಸರ್ವೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೆ ಎಬ್ಬಿಸಬೇಕಾದರೂ, ಬೇರೆ ಕಡೆ ಕಳಿಸಬೇಕಾದರೂ, 30 ದಿನದ ನೋಟಿಸ್ ಕೊಡಬೇಕು.

ಐವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ವ್ಯಾಪಾರ ನಡೆದುಕೊಂಡು ಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರ ಮಾಡಬಾರದು ಅಂತಲೂ ಕಾಯ್ದೆಯ ಅನುಸೂಚಿಯಲ್ಲಿ ಇದೆ. ನಮ್ಮ ಕರಾವಳಿಯ ಮೀನು ಪೇಟೆಗಳಲ್ಲಿ ಎಷ್ಟೋ ಕಡೆ ಅಜ್ಜಿಯ ಜಾಗದಲ್ಲಿ ಮೊಮ್ಮಗಳು ಕೂತಿದ್ದಾಳೆ. ಆದರೆ ಬಾಯಿಮಾತು ಸಾಲದು. ಹಳೇ ಸುಂಕದ ಚೀಟಿ, ಮದುವೆ ಆಲ್ಬಮ್ಮಿನ ಹಿಂದೆ ಸಿಕ್ಕಿಕೊಂಡ ಪೇಟೆಯ ಫೋಟೋ, ಏನಿದ್ದರೂ ಹುಡುಕಿ ಜೆರಾಕ್ಸ್ ಮಾಡಿಸಿಡಿ. ಇವತ್ತಿನ ದಿನದ ಸುಂಕದ ಚೀಟಿಯನ್ನೂ ಎಸೆಯಬೇಡಿ, ಒಂದು ಪ್ಲಾಸ್ಟಿಕ್ ಕವರಿಗೆ ಹಾಕುತ್ತ ಹೋಗಿ.

ರೈಲ್ವೆ ಜಾಗಕ್ಕೆ ಈ ಕಾಯ್ದೆ ಅನ್ವಯ ಆಗುವುದಿಲ್ಲ, ಸ್ಟೇಷನ್ ಒಳಗಿನವರು ಅದನ್ನು ತಿಳಿದಿರಬೇಕು. ಹೆದ್ದಾರಿ ಬದಿಯವರಾದರೆ ಅರ್ಜಿಯ ಪ್ರತಿಯನ್ನು ಹೆದ್ದಾರಿ ಇಲಾಖೆಗೂ ಜಿಲ್ಲಾಧಿಕಾರಿಗೂ ಕೊಡಿ, ಯಾಕೆಂದರೆ ಆ ಜಾಗ ನಗರಸಭೆಯ ಕೈಯಲ್ಲಿಲ್ಲ.

ಅರ್ಜಿ ಬರೆಯುವುದು

ಕಾರವಾರ, ಶಿರಸಿಯಾದರೆ ನಗರಸಭೆಯ ಪೌರಾಯುಕ್ತರಿಗೆ. ಅಂಕೋಲಾ, ಕುಮಟಾದಂಥ ಪುರಸಭೆಯಾದರೆ ಮುಖ್ಯಾಧಿಕಾರಿಗೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ. “ಮಾನ್ಯರೇ, ನಾವು ಬಡವರು, ದಯಮಾಡಿ” ಅಂತ ಒಂದು ಪುಟ ಬರೆಯುವುದು ಬೇಡ. ಹೀಗೆ ಬರೆಯಿರಿ:

“ಮೀನು ಪೇಟೆ ಪಕ್ಕದ ಶೌಚಾಲಯ ಬೆಳಿಗ್ಗೆ ಆರರಿಂದ ಮುಚ್ಚಿರುತ್ತದೆ. ಇಲ್ಲಿ ದಿನಾ 34 ಜನ ಹೆಂಗಸರು ವ್ಯಾಪಾರಕ್ಕೆ ಕೂರುತ್ತೇವೆ. ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ತೆರೆದಿಡಬೇಕು, ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಬಾಗಿಲ ಮೇಲೆ ಹೆಸರು, ಫೋನ್ ನಂಬರ್ ಬರೆಸಬೇಕು.” ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಮುಗಿಯಿತು.

ಎರಡು ಪ್ರತಿ ತಗೊಂಡು ಹೋಗಿ, ಆಫೀಸಿನ ಟಪಾಲು ವಿಭಾಗದಲ್ಲಿ ಒಂದು ಕೊಟ್ಟು ಇನ್ನೊಂದಕ್ಕೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. “ಇಟ್ಟು ಹೋಗಿ, ಸಾಹೇಬ್ರು ಬಂದ್ಮೇಲೆ ಕೊಡ್ತೇನೆ” ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತು ಕಾಯಿರಿ. ನಮ್ಮ ಮೊದಲ ಎರಡು ಅರ್ಜಿಗಳಿಗೆ ಸೀಲು ಇರಲಿಲ್ಲ. ಅವು ಬಂದೇ ಇಲ್ಲ ಅಂದರು, ನಮ್ಮ ಹತ್ತಿರ ತೋರಿಸೋಕೆ ಏನೂ ಇರಲಿಲ್ಲ.

ಉತ್ತರ ಬರಲಿಲ್ಲ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು ಅನ್ನುವ ನಿಯಮ ಇದೆ, ಹಾಗಾಗಿ ಕತೆ ಹೇಳಬೇಡಿ. “ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರ ಪಟ್ಟಿ ಮತ್ತು ಕಳೆದ ಎರಡು ವರ್ಷದ ಸಭೆಗಳ ನಡಾವಳಿ ಕೊಡಿ” ಅಂತ ಕೇಳಿ ನೋಡಿ. ಸಮಿತಿ ಸಭೆಯೇ ಸೇರಿಲ್ಲ ಅಂತಾದರೆ ಈ ಒಂದು ಅರ್ಜಿಯಿಂದಲೇ ಸಭೆ ಸೇರುವ ಸಾಧ್ಯತೆ ಇದೆ.

ನಗರಸಭೆ, ಪುರಸಭೆಗಳಲ್ಲಿ ಬಜೆಟ್‌ಗೆ ಮುಂಚೆ ಪೂರ್ವಭಾವಿ ಸಭೆ ಕರೆಯುತ್ತಾರೆ. ಅಲ್ಲಿಗೆ ಹೋಗುವವರು ಕಮ್ಮಿ. ಹೋಗಿ. ನಿಮ್ಮ ಹಾಳೆಯ ನಕ್ಷೆ ತಗೊಂಡು ಹೋಗಿ “ಇಲ್ಲಿಂದ ಇಲ್ಲಿಗೆ ಹನ್ನೆರಡು ಚಪ್ಪಡಿ ಬೇಕು” ಅಂದರೆ ಬರೆದುಕೊಳ್ಳುತ್ತಾರೆ, “ಚರಂಡಿ ಸರಿ ಇಲ್ಲ” ಅಂದರೆ ತಲೆ ಅಲ್ಲಾಡಿಸುತ್ತಾರೆ ಅಷ್ಟೇ.

ಸಾಮಾನು ಎತ್ತಿಕೊಂಡು ಹೋದ ದಿನ

ನಮ್ಮ ಜಿಲ್ಲೆಯ ಒಂದು ಊರಲ್ಲಿ ನಾನೇ ನೋಡಿದ್ದು. ಟ್ರ್ಯಾಕ್ಟರ್ ಬಂತು. ಹೂವಿನಾಕೆಯ ಮೇಜು, ಪಕ್ಕದವರ ತಕ್ಕಡಿ, ತಾಡಪತ್ರಿ, ಎಲ್ಲ ಒಂದರ ಮೇಲೊಂದು ಹಾಕಿಕೊಂಡು ಹೋದರು. ಯಾರದು ಎಷ್ಟು ಅಂತ ಚೀಟಿ ಇಲ್ಲ. ಹೂವಿನಾಕೆ ಟ್ರ್ಯಾಕ್ಟರ್ ಹಿಂದೆ ಓಡಿದಳು, ಕೈಯಲ್ಲಿ ಅಬ್ಬಲಿಗೆ ಮಾಲೆ ಹಾಗೇ ಇತ್ತು, ಅರ್ಧ ಕಟ್ಟಿದ್ದು. ನಾಲ್ಕನೇ ದಿನ ತಕ್ಕಡಿ ಸಿಕ್ಕಿತು, ತೂಕದ ಬಟ್ಟು ಸಿಗಲಿಲ್ಲ.

ಆ ದಿನ ನಮಗೆ ಗೊತ್ತಿರಬೇಕಾಗಿದ್ದು ಇಷ್ಟು. ಸಾಮಾನು ತಗೊಂಡು ಹೋಗುವಾಗ ಅಧಿಕಾರಿಯ ಸಹಿ ಇರುವ ಪಟ್ಟಿ ಅಲ್ಲೇ ಕೊಡಬೇಕು. ಕೊಳೆಯುವ ಸಾಮಾನಾದರೆ, ಅಂದರೆ ಮೀನು, ಹೂವು, ತರಕಾರಿ, ಬಿಡಿಸಿಕೊಳ್ಳೋಕೆ ಹೋದ ದಿನವೇ ವಾಪಸ್ ಕೊಡಬೇಕು. ಉಳಿದದ್ದಾದರೆ ಎರಡು ಕೆಲಸದ ದಿನದೊಳಗೆ. ನಿಗದಿ ಮಾಡಿದ ಶುಲ್ಕ ಕಟ್ಟಬೇಕಾಗುತ್ತದೆ, ಅದಕ್ಕೆ ರಸೀದಿ ಕೇಳಿ. ಜಗಳಕ್ಕೆ ನಿಲ್ಲಬೇಡಿ. ಒಬ್ಬರು ಫೋಟೋ ತೆಗೆಯಲಿ, ಒಬ್ಬರು ಪಟ್ಟಿ ಬರೆಯಲಿ, ಒಬ್ಬರು ಮಾತಾಡಲಿ. ಯಾರು ಯಾವುದು ಅಂತ ಮೊದಲೇ ಮಾತಾಡಿಕೊಂಡಿರಿ.

ವಕೀಲರು ಬೇಕಾದರೆ ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಫೋನಾದರೆ 15100.

ಪ್ರಮಾಣಪತ್ರ ಇದ್ದರೆ ಅದನ್ನು ಬಾಡಿಗೆಗೆ ಕೊಡಬೇಡಿ, ರದ್ದಾಗುತ್ತದೆ. ಮನೆಯವರು ಕೂರಬಹುದು. ವ್ಯಾಪಾರಿ ತೀರಿಕೊಂಡರೆ ಗಂಡ, ಹೆಂಡತಿ ಅಥವಾ ಅವಲಂಬಿತ ಮಕ್ಕಳು ಅದರ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು.

ನಡೆಯುವವರ ಜೊತೆ ಜಗಳ ಬೇಡ

ಇಲ್ಲಿ ನಮ್ಮವರದ್ದೂ ತಪ್ಪಿದೆ. ಫೂಟ್‌ಪಾತ್ ಪೂರ್ತಿ ತುಂಬಿಸಿಟ್ಟರೆ ಕೋಲು ಹಿಡಿದು ನಡೆಯುವ ಅಜ್ಜ ರಸ್ತೆಗೆ ಇಳಿಯಬೇಕಾಗುತ್ತದೆ, ಗಾಲಿ ಕುರ್ಚಿಯವರಂತೂ ಬರುವ ಹಾಗೇ ಇಲ್ಲ. ಎರಡೂ ಕೈಯಲ್ಲಿ ಚೀಲ ಹಿಡಿದ ಇಬ್ಬರು ಎದುರುಬದುರು ದಾಟುವಷ್ಟು ದಾರಿ ಬಿಟ್ಟು, ನೀವೇ ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ದಾಟಿ ಕ್ರೇಟ್ ಇಟ್ಟವರಿಗೆ ಪಕ್ಕದವರೇ ಹೇಳಲಿ. ಹಿಂದಿನ ಅಂಗಡಿಯವರ ಬಾಗಿಲು ಬಿಡಿ, ಸಂಜೆ ಕಸ ಒಂದು ಕಡೆ ರಾಶಿ ಹಾಕಿ. ತಾಡಪತ್ರಿಯ ಹಗ್ಗವನ್ನು ಜನರ ಕುತ್ತಿಗೆ ಎತ್ತರಕ್ಕೆ ಕಟ್ಟಬೇಡಿ, ರಾತ್ರಿ ಬೈಕಿನವರಿಗೆ ಕಾಣುವುದಿಲ್ಲ.

ಶೌಚಾಲಯಕ್ಕೆ ಒಂದು ಸಲಕ್ಕೆ 5 ರೂಪಾಯಿ ಅಂದುಕೊಳ್ಳಿ. ಸಂತೆಗೆ ಬಂದವರಿಗೆ ಏನೂ ಅಲ್ಲ. ಮೂರು ಸಲ ಹೋಗುವ ವ್ಯಾಪಾರಿಗೆ ತಿಂಗಳಿಗೆ 450. ತಿಂಗಳ ಪಾಸು ಕೇಳಿ, ಕೊಡದೆ ಇರೋಕೆ ಕಾರಣವೇ ಇಲ್ಲ.

ಮಳೆ, ಗುಡ್ಡ, ಕರೆಂಟು

ನಮ್ಮ ಮಳೆ ಹೇಗಿದೆ ಗೊತ್ತಲ್ಲ. ಗಾಡಿಗೆ ಎಳೆದ ವೈರಿಗೆ ಟೇಪು ಸುತ್ತಿ ಬಿಟ್ಟಿದ್ದರೆ ಮೇ ತಿಂಗಳಲ್ಲೇ ಬದಲಾಯಿಸಿ. ಕಬ್ಬಿಣದ ಗಾಡಿ, ಒದ್ದೆ ಕಾಲು, ಜೋಡಿಸಿದ ವೈರು, ಮೂರೂ ಸೇರಬಾರದು. ಸಿಗುವುದಾದರೆ ಚಾರ್ಜಿಂಗ್ ದೀಪವೇ ಒಳ್ಳೆಯದು.

ಇನ್ನು ಗುಡ್ಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದಾಗ ಮೊದಲು ಹೋದದ್ದು ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಮನೆಯವರು, ಚಹಾಕ್ಕೆ ಅಂತ ನಿಂತ ಲಾರಿಯವರು. ಲಾರಿ ನಿಲ್ಲಿಸೋಕೆ ಜಾಗ ಇದ್ದಲ್ಲಿ ವ್ಯಾಪಾರ ಆಗುತ್ತದೆ, ಹಾಗಾಗಿ ಅಲ್ಲೇ ಅಂಗಡಿ ಇಡುತ್ತಾರೆ, ಅದು ಯಾರ ತಪ್ಪೂ ಅಲ್ಲ. ಆದರೆ ಕಡಿದಾಗಿ ಕೊರೆದ ಗುಡ್ಡದ ಬುಡದಲ್ಲಿ ನಿಮ್ಮ ಗೂಡಂಗಡಿ ಇದ್ದರೆ ಮಳೆಗಾಲಕ್ಕೆ ಬೇರೆ ಜಾಗ ಕೊಡಿ ಅಂತ ಏಪ್ರಿಲ್‌ನಲ್ಲೇ ಬರೆದು ಕೊಡಿ. ಗುಡ್ಡದ ಮೇಲೆ ಬಿರುಕು ಕಂಡರೆ, ಮರ ವಾಲಿದರೆ, ಕೆಸರು ನೀರು ಹೊಸ ಜಾಗದಿಂದ ಬರತೊಡಗಿದರೆ ಅವತ್ತೇ ಅಂಗಡಿ ಬಿಟ್ಟು ಹೊರಡಿ, ಆಮೇಲೆ 112ಕ್ಕೆ ಫೋನ್ ಮಾಡಿ.

ಶಿರಸಿಯವರಿಗೆ ಮಳೆಯ ಜೊತೆ ಜಾತ್ರೆಯೂ ಒಂದು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ದಿನಾ ಕೂರುವವರು ಜಾಗ ಬಿಡಬೇಕಾಗಿ ಬಂದರೆ, ಯಾವ ತಾರೀಕಿಗೆ ಹಳೇ ಜಾಗಕ್ಕೆ ವಾಪಸ್ ಅಂತ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ಯಾರಾದರೂ ಕಾಟ ಕೊಟ್ಟರೆ

ಹೆಂಗಸರಿಗೆ ಸಹಾಯವಾಣಿ 181, ಪೊಲೀಸರಿಗೆ 112. ಮನೆಕೆಲಸದವರು, ಸಣ್ಣ ಅಂಗಡಿಯಲ್ಲಿ ದುಡಿಯುವವರು ಒಂದು ವಿಷಯ ತಿಳಿದಿರಲಿ: 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಆಫೀಸಿನವರಿಗೆ ಮಾತ್ರ ಅಲ್ಲ. ಹತ್ತು ಜನಕ್ಕಿಂತ ಕಮ್ಮಿ ಇರುವ ಕಡೆ ದುಡಿಯುವವರು, ಮನೆಕೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು. ಬರೆಯೋಕೆ ಬರದಿದ್ದರೆ ಬರೆದುಕೊಡಬೇಕಾದ್ದು ಸಮಿತಿಯ ಕೆಲಸ.

ಕಾರ್ಡು, ಸಾಲ ಇವುಗಳ ಬಗ್ಗೆ ಎರಡೇ ಮಾತು. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡಿಗೆ 16ರಿಂದ 59 ವರ್ಷದವರು ಹೆಸರು ಹಾಕಿಸಬಹುದು. ಬೀದಿ ವ್ಯಾಪಾರಿಗಳಿಗೆ ಕೇಂದ್ರದ ಪಿಎಂ ಸ್ವನಿಧಿ ಸಾಲ 2020ರಲ್ಲಿ 10,000 ರೂಪಾಯಿಯಿಂದ ಶುರುವಾಯಿತು, ಈಗ ಮೊದಲ ಕಂತು 15,000, ತೀರಿಸಿದರೆ 25,000, ಆಮೇಲೆ 50,000. ಸರ್ವೆಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ನಗರಸಭೆಯಿಂದ ಶಿಫಾರಸು ಪತ್ರ ತಗೊಂಡರೂ ಆಗುತ್ತದೆ. ಸಾಲ ಬೇಡದಿದ್ದರೂ ಆ ಪತ್ರ ಮಾಡಿಸಿಟ್ಟುಕೊಳ್ಳಿ, ನೀವು ಅಲ್ಲಿ ಕೂರುತ್ತೀರಿ ಅನ್ನೋಕೆ ಒಂದು ದಾಖಲೆ.

ಯಾವಾಗ ಶುರು ಮಾಡುವುದು ಅಂತ ಕೇಳಿದರೆ, ಕರಾವಳಿಯವರಿಗೆ ಜೂನ್ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಇಳಿಯುವುದಿಲ್ಲ, ಪೇಟೆಯಲ್ಲಿ ಒಣಮೀನಿನವರು ಮತ್ತು ಹೊಳೆ ಮೀನಿನವರೇ ಜಾಸ್ತಿ. ಅತ್ತೆಯಂಥವರಿಗೆ ಮಾತಾಡೋಕೆ ಪುರುಸೊತ್ತಿರುತ್ತದೆ, ಚರಂಡಿ ಎಲ್ಲಿ ಉಕ್ಕುತ್ತದೆ ಅಂತ ಕಣ್ಣಾರೆ ಕಾಣುತ್ತದೆ, ಕೊಡದಲ್ಲಿ ನೀರು ಸುರಿಯುವ ಕೆಲಸವೂ ಇಲ್ಲ. ಜುಲೈ ಮುಗಿಯುವಷ್ಟರಲ್ಲಿ ಮೂರು ಅರ್ಜಿಗೂ ಸೀಲು ಬಿದ್ದಿರಲಿ. ನಮ್ಮ ಬೀಗ ತೆಗೆದದ್ದು ಸೆಪ್ಟೆಂಬರಿನಲ್ಲಿ. ಬಾಗಿಲ ಮೇಲೆ ಫೋನ್ ನಂಬರ್ ಬರೆಸಿದ್ದಾರೆ, ಒಳಗೆ ನೀರು ಒಂದು ದಿನ ಬಂದರೆ ಒಂದು ದಿನ ಇಲ್ಲ. ಅದಕ್ಕೆ ಇನ್ನೊಂದು ಅರ್ಜಿ ಕೊಟ್ಟಿದ್ದೇವೆ.